ಬರೆದವನ ಹಕ್ಕು
(ಲೇಖಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸರಸ್ವತಿಯನ್ನು ಮಾರಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಪುಸ್ತಕವು ಹೊರಬೀಳುವ ಬಗೆಯನ್ನು ತಾವು ನೋಡಿರಿ. ಕಾಗದದ ವ್ಯಾಪಾರಿಗೆ ಹಣ ಸಲ್ಲುತ್ತದೆ, ಮುದ್ರಕನಿಗೆ ಸಲ್ಲುತ್ತದೆ, ರಟ್ಟು ಕಟ್ಟುವವನಿಗೂ ಅಂಗಡಿಕಾರನಿಗೂ ಸಲ್ಲುತ್ತದೆ. ಬರೆದವನ ಸರದಿ ಬಂದಾಗ ಮಾತ್ರ 'ಇದು ನುಡಿಸೇವೆಯಲ್ಲವೇ?' ಎಂಬ ಪ್ರಶ್ನೆ ಏಳುತ್ತದೆ. ಒಬ್ಬನ ಸೇವೆಯು ಉಳಿದವರ ಲಾಭವಾಗಿ ನಿಂತರೆ ಅದಕ್ಕೆ ಸೇವೆಯೆಂಬ ಹೆಸರು ಒಪ್ಪದು.

ವಕೀಲಿ ವೃತ್ತಿಯಲ್ಲಿ ನಾವು ಕಂಡ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಶಾಲಾ ಮಾಸ್ತರರೊಬ್ಬರು ಮಕ್ಕಳಿಗಾಗಿ ಕಥೆಗಳನ್ನು ಬರೆದು ಪ್ರಕಾಶಕರೊಬ್ಬರ ಕೈಗಿತ್ತರು. ಅಲ್ಪ ಹಣವನ್ನು ಪಡೆದು, 'ಪುಸ್ತಕದ ಹಕ್ಕನ್ನು ಬರೆದುಕೊಟ್ಟಿದ್ದೇನೆ' ಎಂಬ ಚೀಟಿಗೆ ಸಹಿ ಹಾಕಿದರು. ಪುಸ್ತಕವು ಮೇಲಿಂದ ಮೇಲೆ ಅಚ್ಚಾಯಿತು. ಒಂಬತ್ತು ವರ್ಷಗಳ ತರುವಾಯ ಅವರು ನಮ್ಮಲ್ಲಿಗೆ ಬಂದದ್ದು ಹಣಕ್ಕಾಗಿ ಅಲ್ಲ. ತಮ್ಮದೇ ಪುಸ್ತಕದಲ್ಲಿಯ ಎರಡು ತಪ್ಪುಗಳನ್ನು ತಿದ್ದಲು ಕೇಳಿದಾಗ 'ನಿಮಗೇನು ಅಧಿಕಾರ?' ಎಂಬ ಉತ್ತರ ಬಂದುದಕ್ಕಾಗಿ. ಚೀಟಿಯನ್ನು ಓದಿ ನೋಡಿದೆವು. ಎಷ್ಟು ವರ್ಷಗಳಿಗೆ ಹಕ್ಕು ಕೊಟ್ಟರೆಂಬುದು ಅದರಲ್ಲಿರಲಿಲ್ಲ. ಅವಧಿಯನ್ನು ಕಾಣಿಸದಿದ್ದರೆ ಅದನ್ನು ಐದು ವರ್ಷವೆಂದು ತಿಳಿಯತಕ್ಕದ್ದೆಂದು ನಮ್ಮ ಕಾಯದೆಯು ಹೇಳುತ್ತದೆ. ಹಕ್ಕು ನಾಲ್ಕು ವರ್ಷಗಳ ಹಿಂದೆಯೇ ಮಾಸ್ತರರ ಮನೆಗೆ ಮರಳಿತ್ತು. ಮನೆಯವರಿಗೇ ಅದರ ಅರಿವಿರಲಿಲ್ಲ!

ಈ ದೇಶದಲ್ಲಿ 1914ರ ಕಾಯದೆಯು ಬ್ರಿಟಿಷರ ಕಾಯದೆಯ ನೆರಳಾಗಿತ್ತು. ಸ್ವತಂತ್ರ ಭಾರತವು 1957ರಲ್ಲಿ ತನ್ನದೇ ಗ್ರಂಥಸ್ವಾಮ್ಯದ ಕಾಯದೆಯನ್ನು ಮಾಡಿಕೊಂಡಿತು. ಅದರ ಪ್ರಕಾರ ಹಕ್ಕು ಹುಟ್ಟುವುದು ಬರೆದಾಗಲೇ, ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಪರರಿಗೆ ವರ್ಗಾಯಿಸಬೇಕಾದರೆ ಸಹಿಯುಳ್ಳ ಬರಹ ಬೇಕು, ಬಾಯಿಮಾತು ಸಾಲದು. ಕೊಟ್ಟ ಮೇಲೆಯೂ ಕರ್ತೃವೆಂಬ ಹೆಸರು ಅವನದೇ. ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ವಿಕೃತಗೊಳಿಸಿದರೆ ತಡೆಯುವ ಅಧಿಕಾರವೂ ಅವನಿಗುಂಟು.

ನಮ್ಮ ನಾಡಿನದೇ ಒಂದು ಖಟ್ಲೆಯನ್ನು ನೆನೆಯೋಣ. 1997ರಲ್ಲಿ ದಿವಂಗತರಾದ ಶಿವರಾಮ ಕಾರಂತರು 1994ರಲ್ಲಿ ಮೃತ್ಯುಪತ್ರವನ್ನು ಬರೆದಿಟ್ಟಿದ್ದರು. ಅವರು ರೂಪಿಸಿದ ಯಕ್ಷಗಾನ ಬ್ಯಾಲೆಯ ಪ್ರದರ್ಶನದ ವಿಷಯವಾಗಿ ವ್ಯಾಜ್ಯವೆದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2009ರಲ್ಲಿ ತೀರ್ಪಾಯಿತು. ಸಾಹಿತ್ಯ ಕೃತಿಯೇ ಬೇರೆ, ನಾಟ್ಯ ಕೃತಿಯೇ ಬೇರೆ ಎಂದು ನ್ಯಾಯಾಲಯವು ಬಗೆಯಿತು. ಆದರೂ ಉಳಿದುದೆಲ್ಲವನ್ನೂ ಕೊಟ್ಟ ವಾಕ್ಯವೊಂದು ಮೃತ್ಯುಪತ್ರದಲ್ಲಿದ್ದುದರಿಂದ ಹಕ್ಕು ಅವರು ಬಯಸಿದವರಿಗೇ ಉಳಿಯಿತು. ಅಂಥ ಮೇಧಾವಿಗಳ ಬರಹವೇ ಶಬ್ದಶಬ್ದವಾಗಿ ತಕ್ಕಡಿಗೆ ಬಿದ್ದಿತೆಂದ ಮೇಲೆ, ಕಾಗದವನ್ನೇ ಬರೆಯದ ನಮ್ಮ ಪಾಡೇನು?

ಹಕ್ಕಿಗೆ ಎಲ್ಲೆಯೂ ಇರುವುದು, ಇರಲೂಬೇಕು. 1978ರಲ್ಲಿ ಆರ್. ಜಿ. ಆನಂದ್ ಎಂಬ ನಾಟಕಕಾರರ ಖಟ್ಲೆಯಲ್ಲಿ, ಬರಿಯ ವಿಚಾರಕ್ಕೆ ಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಉಂಟೆಂದು ಸುಪ್ರೀಂ ಕೋರ್ಟು ಸಾರಿತು. ಕಾಲಕ್ಕೂ ಮಿತಿಯುಂಟು: ಲೇಖಕನ ಜೀವಿತಕಾಲ, ಆಮೇಲೆ 60 ವರ್ಷ. ಮೊದಲು ಅದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರರ ಕೃತಿಗಳ ಅವಧಿ ಮುಗಿಯಬಂದಾಗ, 1992ರ ತಿದ್ದುಪಡಿಯಿಂದ ಹತ್ತು ವರ್ಷ ಹೆಚ್ಚಿಸಿದರು. ಅವಧಿ ತೀರಿದ ಮೇಲೆ ಕೃತಿಯು ಕೆರೆಯ ನೀರಿನಂತೆ ಎಲ್ಲರದು. ಆದುದರಿಂದ ಹಕ್ಕನ್ನು ಕೇಳುವವನು ಸರಸ್ವತಿಯನ್ನು ಮಾರುವವನಲ್ಲ. ಕೊನೆಗೆ ಜನಕ್ಕೇ ಒಪ್ಪಿಸುವ ನಿಧಿಯನ್ನು ಕೆಲಕಾಲ ಕಾಯುವವನು.

ತಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ಓದದೆ ಸಹಿ ಹಾಕಬೇಡಿರಿ. ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬ ನಾಲ್ಕನ್ನೂ ಕರಾರಿನಲ್ಲಿ ಕಾಣಿಸಿರಿ. ಅದರ ಪ್ರತಿಯೊಂದನ್ನು ಮನೆಯಲ್ಲಿರಿಸಿ, ಮನೆಯವರಿಗೆ ತೋರಿಸಿರಿ. ಲೇಖಕರ ಹಕ್ಕನ್ನು ಕಳ್ಳರು ಕದ್ದುದಕ್ಕಿಂತ ಲೇಖಕರೇ ಸಂಕೋಚದಿಂದ ಕಳೆದುಕೊಂಡದ್ದು ಹೆಚ್ಚೆಂಬುದು ನಮ್ಮ ಅನುಭವ. ಕನ್ನಡಕ್ಕಾಗಿ ದುಡಿಯುವ ಕೈ ಬರಿಗೈಯಾಗಿ ಉಳಿದರೆ ನಷ್ಟವು ಕನ್ನಡಕ್ಕೇ.