ಬಂದು ಹೋಗುವ ದೋಷ

ಕಳೆದ ಮಳೆಗಾಲದಲ್ಲಿ ಅಡಿಕೆ ಹೇರಿಕೊಂಡು ಚಾರ್ಮಾಡಿ ಘಾಟಿಯನ್ನೇರುತ್ತಿದ್ದ ನನ್ನ ಡೀಸೆಲ್ ಪಿಕಪ್ ತಿರುವೊಂದರಲ್ಲಿ ಒಮ್ಮೆಲೇ ಸೊರಗಿತು. ಆಕ್ಸಿಲರೇಟರನ್ನು ಎಷ್ಟು ತುಳಿದರೂ ಓಗೊಡದು. ಎಂಜಿನ್ನು ಮಾತ್ರ ನಿಲ್ಲದೆ ಮೆಲ್ಲನೆ ಗುನುಗುತ್ತಿತ್ತು. ಬೆನ್ನ ಹಿಂದೆ ವಾಹನಗಳ ಸಾಲು, ಮಗ್ಗುಲಲ್ಲಿ ಪ್ರಪಾತ. ಕೀಲಿ ತಿರುಗಿಸಿ ಮತ್ತೆ ಚಾಲೂ ಮಾಡಿದೊಡನೆ, ಏನೂ ನಡೆದಿಲ್ಲವೆಂಬಂತೆ ಏರತೊಡಗಿತು.

ಗ್ಯಾರೇಜಿನಲ್ಲಿ ನೋಡಿದರೆ ವಾಹನ ನಿರ್ದೋಷಿ! ಒಬ್ಬರು ಡೀಸೆಲ್ ಫಿಲ್ಟರ್ ಬದಲಿಸಿದರು. ಮತ್ತೊಬ್ಬರು ಪಂಪನ್ನೇ ಬದಲಿಸಬೇಕೆಂದರು. ಆ ಮಳೆಗಾಲದ ಬಾಡಿಗೆಯೆಲ್ಲ ಅದರಲ್ಲೇ ಕರಗುತ್ತಿತ್ತು. ಮೂರನೆಯವರು ವಯಸ್ಸಾದ ಮೆಕ್ಯಾನಿಕ್. ಸ್ಪಾನರ್ ಮುಟ್ಟುವ ಮೊದಲು ಕೇಳಿದರು:

“ಸೊರಗಿದಾಗ ಎಂಜಿನ್ನು ಮುಗ್ಗರಿಸಿತೆ?”

“ಇಲ್ಲ, ಸಮವಾಗಿಯೇ ಇತ್ತು.”

“ಹಾಗಾದರೆ ಅದರ ಹೊಟ್ಟೆಗೆ ಕಡಮೆಯಾದಂತಿಲ್ಲ ಸ್ವಾಮಿ, ನಿಮ್ಮ ಮಾತು ಅದರ ಕಿವಿಗೆ ಬಿದ್ದಿಲ್ಲ.”

ಹಿಂದಿನ ವಾಹನಗಳಲ್ಲಿ ಪೆಡಲು ತಂತಿಯಿಂದ ಪಂಪಿನ ಸನ್ನೆಯನ್ನೆಳೆಯುತ್ತಿತ್ತು. ಇಂದಿನವುಗಳಲ್ಲಿ ಪೆಡಲಿನ 2 ಸೆನ್ಸರುಗಳು ಅದರ ಸ್ಥಾನವನ್ನು ಬೇರೆಬೇರೆಯಾಗಿ ವರದಿ ಮಾಡುತ್ತವೆ. ಸಾಮಾನ್ಯವಾಗಿ ಒಂದರ ವೋಲ್ಟೇಜು ಇನ್ನೊಂದರ ಇಮ್ಮಡಿ. ಸಾಕ್ಷಿಗಳಿಬ್ಬರ ಹೇಳಿಕೆ ಹೊಂದದಿದ್ದರೆ ಕಂಪ್ಯೂಟರು ಯಾರನ್ನೂ ನಂಬದೆ ಇಂಧನವನ್ನು ಮಿತಗೊಳಿಸುತ್ತದೆ.

ಅದರ ನೆನಪಿನಲ್ಲಿ ಉಳಿದಿದ್ದ ಸಂಕೇತವೂ ಆ ವಿರಸವನ್ನೇ ಹೇಳಿತು. ಆದರೂ ಅವರು ಪೆಡಲನ್ನು ಬದಲಿಸಲಿಲ್ಲ. ಮೀಟರು ಜೋಡಿಸಿ, ವೈರುಗಳ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹೋದರು. ಒಂದೆಡೆ ಅಂಕಿ ತಟ್ಟನೆ ಕುಸಿಯಿತು. ತಗಡಿನ ಅಂಚಿಗೆ ಉಜ್ಜಿ ಸವೆದ ವೈರು, ಕುಲುಕಾಟದಲ್ಲಿ ಕೂಡುತ್ತ ಅಗಲುತ್ತ ಇತ್ತು. ಬೆಸುಗೆ ಹಾಕಿ, ತೊಗಲು ತೊಡಿಸಿ, ಅಂಚಿನಿಂದ ದೂರ ಕಟ್ಟಿದರು.

ಆಮೇಲೆ ಅದೇ ತಿರುವನ್ನು ಅನೇಕ ಬಾರಿ ಏರಿದ್ದೇನೆ. ಬಂದು ಹೋಗುವ ದೋಷಕ್ಕೆ ಮೊದಲ ಮದ್ದು ಹೊಸ ಬಿಡಿಭಾಗವಲ್ಲ. ಅದು ಬಂದ ಗಳಿಗೆಯಲ್ಲಿ ಕಂಡದ್ದನ್ನು ಸರಿಯಾಗಿ ಹೇಳಬಲ್ಲವರು, ಕೇಳಬಲ್ಲವರು.