ಹುಡುಕುವ ಪದ

ಅಮೆರಿಕದ ಸಮಾಜಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಟ್ರಿಪೋಡಿ ವರ್ಜೀನಿಯಾದ ಸಂಪ್ರದಾಯಸ್ಥ ಕ್ರೈಸ್ತರ ಜೊತೆ ಕೂತು, ಅವರು ಸುದ್ದಿಯನ್ನು ಹೇಗೆ ಒರೆಗೆ ಹಚ್ಚುತ್ತಾರೆಂದು ನೋಡಿ 2018ರಲ್ಲಿ ವರದಿ ಬರೆದರು. ಇಂಥವರು ಕೇಳಿದ್ದನ್ನೆಲ್ಲ ನಂಬಿಬಿಡುತ್ತಾರೆ ಎಂಬುದು ನಮ್ಮ ಎಣಿಕೆ. ಆಕೆ ಕಂಡದ್ದೇ ಬೇರೆ. ಬೈಬಲ್ಲಿನ ವಾಕ್ಯವನ್ನು ಪದ ಪದ ಬಿಡಿಸಿ ಓದುವ ಹಾಗೆಯೇ ಅವರು ಸಂವಿಧಾನವನ್ನೂ ಅಧ್ಯಕ್ಷರ ಭಾಷಣವನ್ನೂ ತಾವೇ ಓದುತ್ತಿದ್ದರು. ನಡುವೆ ಪತ್ರಕರ್ತರ ವ್ಯಾಖ್ಯಾನ ಬೇಡ. ನಿಜ ಹೇಳಿ, ನಮ್ಮಲ್ಲಿ ಎಷ್ಟು ಜನ ಅಷ್ಟು ಓದುತ್ತೇವೆ?

ಎಡವಟ್ಟಾಗುತ್ತಿದ್ದದ್ದು ಆಮೇಲೆ, ಸುದ್ದಿ ನಿಜವೇ ಎಂದು ಗೂಗಲ್ಲಿನಲ್ಲಿ ಹುಡುಕುವಾಗ. ಅಮೆರಿಕದ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ಟಿವಿ ವೀಕ್ಷಕರು ಕಡಿಮೆಯಾದರೇ? 'ಎನ್‌ಎಫ್‌ಎಲ್ ರೇಟಿಂಗ್ಸ್ ಡೌನ್' ಎಂದು ಹುಡುಕಿದರೆ ಇಳಿದ ಸುದ್ದಿ. 'ಅಪ್' ಎಂದರೆ ಏರಿದ ಸುದ್ದಿ! ಮನಸ್ಸಿನಲ್ಲಿದ್ದ ಉತ್ತರವನ್ನೇ ಪ್ರಶ್ನೆಯೊಳಗೆ ಕಟ್ಟಿ ಕಳಿಸಿದರೆ, ಯಂತ್ರ ಅದನ್ನೇ ಬಿಚ್ಚಿ ಕೈಗಿಡುತ್ತದೆ. ಇದಕ್ಕೆ ದೈವಭಕ್ತಿಯೇನೂ ಬೇಕಿಲ್ಲ. ಹಾಗಲಕಾಯಿ ರಸದಿಂದ ಸಕ್ಕರೆ ಕಾಯಿಲೆ ವಾಸಿ ಎಂದು ಬೆಳಗಾಗೆದ್ದು ಟೈಪ್ ಮಾಡುವ ನಾವೂ ಅದೇ ಸಾಲಿನವರು.

ಇವತ್ತು ಏನನ್ನಾದರೂ ಹುಡುಕುವಾಗ, ನೀವು ಹಾಕಿದ ಪದದ ವಿರುದ್ಧ ಪದವನ್ನೂ ಒಮ್ಮೆ ಹಾಕಿ ನೋಡಿ.