ಸರ್ಕಾರದ ದುಡ್ಡು, ಕಂಪನಿಯ ಬೀಗ



ಊರವರ ದುಡ್ಡಿನಲ್ಲಿ ಕೆರೆ ಕಟ್ಟಿಸಿದ್ದಾಯಿತು. ಕೆರೆಗೆ ಹೋಗುವ ದಾರಿ ಮಾತ್ರ ಒಬ್ಬರ ತೋಟದೊಳಗೆ. ಆಗ ಆ ನೀರು ಯಾರದು? ಅಮೆರಿಕದ ಗಣಕ ಚರಿತ್ರೆಯಲ್ಲಿ ಇಂಥದೇ ಒಂದು ಪ್ರಶ್ನೆ ಹದಿನಾಲ್ಕು ವರ್ಷ ಕಾಡಿತು.

ಗಣಕದೊಳಗಿನ ಮನೆವಾರ್ತೆ ನೋಡಿಕೊಳ್ಳುವ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಯೂನಿಕ್ಸ್ ಅಂಥದೊಂದು. 1969ರಲ್ಲಿ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅದನ್ನು ಆರಂಭಿಸಿದರು. ಒಡೆತನ ಎ.ಟಿ. ಅಂಡ್ ಟಿ. ಎಂಬ ದೂರವಾಣಿ ಸಂಸ್ಥೆಯದು. ಆದರೆ 1956ರ ನ್ಯಾಯಾಲಯದ ಒಪ್ಪಂದದಂತೆ ಆ ಸಂಸ್ಥೆ ದೂರಸಂಪರ್ಕ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯೂನಿಕ್ಸನ್ನು ಸರಕಿನಂತೆ ಮಾರದೆ, ಕೇಳಿದವರಿಗೆ ಪರವಾನಗಿ ಕೊಡುತ್ತ ಬಂತು. ಮೂಲ ಕ್ರಮವಿಧಿಯೂ ಜೊತೆಗೇ ಸಿಗುತ್ತಿತ್ತು. ದುರಸ್ತಿ ಇಲ್ಲ, ಖಾತರಿ ಇಲ್ಲ, ಹಣ ಮಾತ್ರ ಮುಂಗಡ! 1975ರ ಸುಮಾರಿಗೆ ವಿಶ್ವವಿದ್ಯಾಲಯಗಳಿಗೆ ಶುಲ್ಕ 150 ಡಾಲರ್. ಉಳಿದ ಸಂಸ್ಥೆಗಳಿಗೆ 20,000 ಡಾಲರ್.

ಇತ್ತ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾಕ್ಕೆ ಬೇರೆಯೇ ಚಿಂತೆ. ಅದರ ಗುತ್ತಿಗೆದಾರರಲ್ಲಿ ಒಬ್ಬೊಬ್ಬರದು ಒಂದೊಂದು ಯಂತ್ರ. ಒಬ್ಬರು ಬರೆದ ಕ್ರಮವಿಧಿ ಇನ್ನೊಬ್ಬರಲ್ಲಿ ಓಡದು. ಎಲ್ಲರಿಗೂ ಒಂದೇ ಯಂತ್ರ ಕೊಡಿಸುವ ಬದಲು ಒಂದೇ ಆಪರೇಟಿಂಗ್ ಸಿಸ್ಟಂ ಇರಲಿ ಎಂದು ಡಾರ್ಪಾ ಯೂನಿಕ್ಸನ್ನು ಆರಿಸಿತು. 1980ರಲ್ಲಿ ಅದನ್ನು ಬೆಳೆಸುವ ಕೆಲಸವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಗೆ ವಹಿಸಿತು. 1983ರಲ್ಲಿ ಹೊರಬಂದ ಆವೃತ್ತಿಯಲ್ಲಿ ಇಂದಿನ ಇಂಟರ್‌ನೆಟ್ಟಿನ ಜೀವಾಳವಾದ ಟಿಸಿಪಿ/ಐಪಿ ಇತ್ತು.

ತೊಡಕು ಬಂದದ್ದು ಇಲ್ಲೇ. ಬರ್ಕ್ಲಿಯ ಕೆಲಸಕ್ಕೆ ಹಣ ಸರ್ಕಾರದ್ದು, ಅಡಿಪಾಯ ಎ.ಟಿ. ಅಂಡ್ ಟಿ.ಯದು. ಆದ್ದರಿಂದ ಮೊದಲು ಕಂಪನಿಯ ಪರವಾನಗಿ ತೋರಿಸಿದವರಿಗೇ ಬರ್ಕ್ಲಿಯ ಟೇಪು. 1984ರಲ್ಲಿ ಎ.ಟಿ. ಅಂಡ್ ಟಿ. ವಿಭಜನೆಗೊಂಡು ಹಳೆಯ ಕಟ್ಟುಪಾಡು ಕಳಚಿತು. ಯೂನಿಕ್ಸ್ ಮಾರುವ ಸರಕಾಯಿತು, ಶುಲ್ಕ ಏರಿತು. ಕೇವಲ ಜಾಲದ ಭಾಗ ಬೇಕೆಂದವರೂ ಇಡೀ ಯೂನಿಕ್ಸಿನ ಬೆಲೆ ತೆರಬೇಕಾಯಿತು.

ಬರ್ಕ್ಲಿಯವರು 1989ರಲ್ಲಿ ತಾವೇ ಬರೆದ ಜಾಲದ ಭಾಗವನ್ನು ಬಿಡಿಸಿ ಎಲ್ಲರಿಗೂ ಕೊಟ್ಟರು. ಕಂಪನಿಯ ಉಳಿದ ಸಾಲುಗಳನ್ನೂ ಕಿತ್ತು ಹೊಸದಾಗಿ ಬರೆದು, 1991ರಲ್ಲಿ ಬಹುಪಾಲು ಪೂರ್ಣವಾದ ಆವೃತ್ತಿಯನ್ನೇ ಹೊರತಂದರು. 1992ರಲ್ಲಿ ಎ.ಟಿ. ಅಂಡ್ ಟಿ.ಯ ಯೂನಿಕ್ಸ್ ಅಂಗಸಂಸ್ಥೆ ದಾವೆ ಹೂಡಿತು. 1994ರಲ್ಲಿ ರಾಜಿಯಾದಾಗ ತೆಗೆಯಬೇಕಾದದ್ದು ಎಷ್ಟು ಗೊತ್ತೇ? ಸುಮಾರು 18,000 ಕಡತಗಳಲ್ಲಿ ಮೂರು! ಇನ್ನು ಕೆಲವಕ್ಕೆ ಸಣ್ಣಪುಟ್ಟ ತಿದ್ದುಪಡಿ, ಹಕ್ಕುಸ್ವಾಮ್ಯದ ನಮೂದು, ಅಷ್ಟೇ.

ಇಲ್ಲಿ ಕಂಪನಿಯೇ ಖಳನಾಯಕ ಎನ್ನುವಂತಿಲ್ಲ. ಮೊದಲು ಮೂಲ ಕ್ರಮವಿಧಿಯನ್ನು ಹಂಚದಿದ್ದರೆ ಬರ್ಕ್ಲಿಯವರಿಗೆ ಕೆಲಸವೇ ಇರುತ್ತಿರಲಿಲ್ಲ. ಆದರೆ ಸಾರ್ವಜನಿಕ ಹಣದಿಂದ ತಂತ್ರಾಂಶ ಬರೆಸುವ ಯಾವ ಸರ್ಕಾರವೂ ಕೆಲಸಕ್ಕೆ ಮುಂಚೆಯೇ ಕೇಳಿಕೊಳ್ಳಬೇಕಾದ ಮಾತೊಂದಿದೆ: ಕೆರೆ ನಮ್ಮದು ಸರಿ, ದಾರಿ ಯಾರದು?